ಬೆಂಕಿಯ ಬಗ್ಗೆಯೂ ಕೇಳಿ: ಅಗ್ನಿಶಾಮಕ ನೇಮಕಾತಿಯ ಹೊಣೆ ಹೊತ್ತವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಮಹಾನಿರ್ದೇಶಕರು ಹಾಗೂ ನೇಮಕಾತಿ ಸಮಿತಿಯ ಸದಸ್ಯರು,
ಕರ್ನಾಟಕ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆ,
ಬೆಂಗಳೂರು.

ಮಾನ್ಯರೇ,

ಮುಂದಿನ ನೇಮಕಾತಿಯ ಅಧಿಸೂಚನೆ ಅಚ್ಚಿಗೆ ಹೋಗುವ ಮೊದಲೇ ಈ ಪತ್ರ ನಿಮ್ಮ ಮೇಜಿಗೆ ಬರಲಿ ಎಂಬ ಆಸೆಯಿಂದ ಬರೆಯುತ್ತಿದ್ದೇನೆ. ಅಗ್ನಿಶಾಮಕನಾಗಿ ಇಲಾಖೆಗೆ ಸೇರಿ ಪ್ರಮುಖ ಅಗ್ನಿಶಾಮಕನಾಗಿ ನಿವೃತ್ತನಾದವನು ನಾನು. ಈಗ ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಮೈದಾನದಲ್ಲಿ ಬೆಳಗಿನ ಹೊತ್ತು ಒಂದಿಷ್ಟು ಹುಡುಗ ಹುಡುಗಿಯರನ್ನು ಓಡಿಸುತ್ತೇನೆ, ಹಗ್ಗ ಹತ್ತಿಸುತ್ತೇನೆ. ಶುಲ್ಕವಿಲ್ಲ, ಬೋರ್ಡೂ ಇಲ್ಲ. ಅಕಾಡೆಮಿ ಎಂಬ ಹೆಸರಂತೂ ಬೇಡವೇ ಬೇಡ ಎಂದಿದ್ದೇನೆ. ಓಟ ಮುಗಿದ ಮೇಲೆ ಬೇವಿನ ಮರದ ಕೆಳಗೆ ಕುಳಿತು ಅವರು ಪ್ರಶ್ನೆಪತ್ರಿಕೆ ಬಿಡಿಸುತ್ತಾರೆ, ನಾನು ಕೇಳಿಸಿಕೊಳ್ಳುತ್ತೇನೆ. ಅಲ್ಲಿ ಕೇಳಿಸಿಕೊಂಡದ್ದೇ ಈ ಪತ್ರಕ್ಕೆ ಕಾರಣ.

ನನ್ನ ಅಹವಾಲು ಒಂದೇ. ಅಗ್ನಿಶಾಮಕ ಹುದ್ದೆಯ ಪರೀಕ್ಷೆಗೆ ತಯಾರಾಗುವವನು ಅಗ್ನಿಶಾಮಕನ ಕೆಲಸಕ್ಕೂ ತಯಾರಾಗುವಂತಿರಲಿ. ಈಗ ಹಾಗಿಲ್ಲ.

ಮೈದಾನಕ್ಕೆ ಬರುವವರ ಬ್ಯಾಗುಗಳಲ್ಲಿರುವ ಪುಸ್ತಕಗಳನ್ನು ತಿರುವಿ ಹಾಕಿದ್ದೇನೆ. ಬಹುಪಾಲು ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೆಂದು ಅಚ್ಚಾದ ಗೈಡ್‌ಗಳು. ಕೆಲವಕ್ಕೆ ರಕ್ಷಾಪುಟದ ಮೇಲೆ ಅಗ್ನಿಶಾಮಕ ಹುದ್ದೆಗಳಿಗೂ ಉಪಯುಕ್ತ ಎಂಬ ಸಾಲೊಂದು ಸೇರಿಕೊಂಡಿದೆ, ಒಳಗಿನ ಸರಕು ಅದೇ. ನೂರು ಪ್ರಶ್ನೆ, ತೊಂಬತ್ತು ನಿಮಿಷ, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ ಎಂಬ ಕಾನ್‌ಸ್ಟೆಬಲ್ ಪರೀಕ್ಷೆಯ ಲೆಕ್ಕಾಚಾರವೇ ಇವರ ತಲೆಯಲ್ಲೂ ಕೂತಿದೆ. ಹಲ್ಮಿಡಿ ಶಾಸನ ಸಿಕ್ಕ ತಾಲ್ಲೂಕು ಯಾವುದು, 73ನೇ ತಿದ್ದುಪಡಿ ಯಾವುದಕ್ಕೆ ಸಂಬಂಧಿಸಿದ್ದು, ಶರಾವತಿ ಎಲ್ಲಿ ಹುಟ್ಟುತ್ತದೆ ಎಂದು ಕೇಳಿದರೆ ನಿದ್ದೆಗಣ್ಣಿನಲ್ಲೂ ಹೇಳುತ್ತಾರೆ. ಇದರ ಮೇಲೆ ನನಗೇನೂ ಸಿಟ್ಟಿಲ್ಲ. ಸರ್ಕಾರಿ ನೌಕರನಾಗುವವನಿಗೆ ತನ್ನ ನಾಡಿನ ಇತಿಹಾಸ, ಭೂಗೋಳ, ಸಂವಿಧಾನ ಗೊತ್ತಿರಲೇಬೇಕು. ಆದರೆ ಅದೇ ಹುಡುಗನನ್ನು ಸಿಲಿಂಡರಿನ ಅಡುಗೆ ಅನಿಲ ಗಾಳಿಗಿಂತ ಭಾರವೋ ಹಗುರವೋ ಎಂದು ಕೇಳಿದರೆ ಪಕ್ಕದವನ ಮುಖ ನೋಡುತ್ತಾನೆ.

ಭಾರ. ಹಾಗಾಗಿ ಸೋರಿದ ಅನಿಲ ನೆಲದ ಮೇಲೆ ಹರಿದು ಮೂಲೆಯಲ್ಲಿ, ಚರಂಡಿಯಲ್ಲಿ, ತಗ್ಗಿನಲ್ಲಿ ನಿಲ್ಲುತ್ತದೆ. ಮೇಲಿನ ಕಿಟಕಿ ತೆರೆದು ಗಾಳಿ ಬಂತು ಎಂದುಕೊಂಡವನು ಮೋಸಹೋಗುತ್ತಾನೆ. ಮೀಥೇನ್ ಇದಕ್ಕೆ ತದ್ವಿರುದ್ಧ, ಅದು ಹಗುರ, ಮೇಲಕ್ಕೆ ಹೋಗುತ್ತದೆ. ಮನೆಗಳಿಗೆ ಕೊಳವೆಯಲ್ಲಿ ಬರುವ ಅನಿಲವೂ, ಆಟೊಗಳಲ್ಲಿ ತುಂಬುವ ಸಿಎನ್‌ಜಿಯೂ ಹೆಚ್ಚಾಗಿ ಅದೇ. ಎರಡೂ ಅನಿಲ ಸೋರಿಕೆಯೇ, ಆದರೆ ಒಳಹೋಗುವವನು ಮೊದಲು ನೋಡಬೇಕಾದ ಜಾಗ ಬೇರೆ ಬೇರೆ. ಇದು ಪ್ರೌಢಶಾಲೆಯ ವಿಜ್ಞಾನ. ಇದಕ್ಕೆ ಎಂಜಿನಿಯರಿಂಗ್ ಪದವಿ ಬೇಕಿಲ್ಲ. 2020ರ ಅಧಿಸೂಚನೆಯಲ್ಲಿ ಅಗ್ನಿಶಾಮಕ ಹುದ್ದೆಗೆ ನೀವು ಕೇಳಿದ್ದೂ ಎಸ್ಸೆಸ್ಸೆಲ್ಸಿಯನ್ನೇ. ಆ ಎಸ್ಸೆಸ್ಸೆಲ್ಸಿಯೊಳಗೇ ಇಡೀ ಕೆಲಸದ ಬೀಜ ಇದೆ. ಅದನ್ನು ಕೇಳುವ ಮನಸ್ಸು ಪ್ರಶ್ನೆಪತ್ರಿಕೆ ತಯಾರಿಸುವವರಿಗೆ ಬರಬೇಕು.

ನೀವು ಕೇಳಬಹುದಾದ ಪ್ರಶ್ನೆಗಳು ಎಂಥವು ಎಂದು ಕೆಲವನ್ನು ಬರೆಯುತ್ತೇನೆ. ಇವು ನಾನು ಮರದ ಕೆಳಗೆ ಕೇಳುವ ಪ್ರಶ್ನೆಗಳೇ.

ಬಾಣಲೆಯ ಎಣ್ಣೆ ಹೊತ್ತಿಕೊಂಡಿದೆ, ಒಂದು ಲೋಟ ನೀರು ಸುರಿದರೆ ಏನಾಗುತ್ತದೆ? ನೀರು ಎಣ್ಣೆಗಿಂತ ಭಾರ, ತಳಕ್ಕಿಳಿಯುತ್ತದೆ. ಹೊತ್ತಿದ ಎಣ್ಣೆಯ ಶಾಖ 100 ಡಿಗ್ರಿಯನ್ನು ಎಂದೋ ದಾಟಿದೆ, ನೀರು ಅಲ್ಲಿಯೇ ಆವಿಯಾಗುತ್ತದೆ. ಆವಿಯಾದ ನೀರಿನ ಗಾತ್ರ ಸುಮಾರು 1,700 ಪಟ್ಟು ಹಿಗ್ಗುತ್ತದೆ. 200 ಮಿಲಿಲೀಟರಿನ ಲೋಟ 340 ಲೀಟರ್ ಆವಿಯಾಗಿ ಎಣ್ಣೆಯನ್ನು ಉರಿಯ ಸಮೇತ ಚಾವಣಿಗೆ ಎತ್ತಿ ಎಸೆಯುತ್ತದೆ. ಮುಚ್ಚಳ ಮುಚ್ಚಿ ಒಲೆ ಆರಿಸಿದ್ದರೆ ಮುಗಿಯುತ್ತಿತ್ತು. ಸಾಂದ್ರತೆ, ಕುದಿಬಿಂದು, ಗುಣಾಕಾರ, ಮೂರೂ ಒಂದೇ ಪ್ರಶ್ನೆಯಲ್ಲಿ ಬಂದವು.

ಹೊಗೆ ತುಂಬಿದ ಕೋಣೆಯಲ್ಲಿ ಉರಿ ಮುಟ್ಟದೆಯೇ ಮನುಷ್ಯ ಏಕೆ ಸಾಯುತ್ತಾನೆ? ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿಯುವುದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡನ್ನು ಹಿಡಿದುಕೊಳ್ಳುತ್ತದೆ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಜೀವಶಾಸ್ತ್ರದಲ್ಲಿ ರಕ್ತದ ಪಾಠ ಓದಿದವರಿಗೆ ಹಿಮೋಗ್ಲೋಬಿನ್ ಗೊತ್ತು. ಅದು ಬೆಂಕಿಗೆ ಸಂಬಂಧಿಸಿದ್ದು ಎಂದು ಅವರಿಗೆ ಯಾರೂ ಹೇಳಿಲ್ಲ, ಅಷ್ಟೆ. ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರುವರಿ 23ರಂದು ಒಂಬತ್ತು ಜನ ಸತ್ತರು. ಹೊಗೆ ತಾಳಲಾರದೆ ಕಿಟಕಿಯಿಂದ ಹಾರಿದವರು ಅವರಲ್ಲಿದ್ದರು. ಅದನ್ನು ಟಿ.ವಿ.ಯಲ್ಲಿ ಇಡೀ ರಾಜ್ಯ ನೋಡಿತು. ಆ ಒಂದು ಘಟನೆಯ ಸುತ್ತ ಹಲವು ಪ್ರಶ್ನೆ ಹೆಣೆಯಬಹುದು: ಹೊಗೆ ಯಾವ ದಿಕ್ಕಿಗೆ ಏರುತ್ತದೆ, ಮೆಟ್ಟಿಲಿನ ಬಾಗಿಲು ಏಕೆ ಮುಚ್ಚಿರಬೇಕು ಆದರೆ ಬೀಗ ಹಾಕಿರಬಾರದು, ಹೊಗೆಯಲ್ಲಿ ನಡೆಯಬೇಕೋ ತೆವಳಬೇಕೋ.

ಇನ್ನು ನಮ್ಮ ಜಿಲ್ಲೆಯದೇ ಪ್ರಶ್ನೆಗಳಿವೆ. ಬೆಂಗಳೂರಿನಲ್ಲಿ ಕುಳಿತು ಪ್ರಶ್ನೆಪತ್ರಿಕೆ ಮಾಡುವವರಿಗೆ ಇವು ತೋಚಲಿಕ್ಕಿಲ್ಲ. ಬ್ಯಾಡಗಿಯ ಕಡೆ ಮೆಣಸಿನಕಾಯಿ ದಾಸ್ತಾನಿಗೆ ಬೆಂಕಿ ಬಿದ್ದರೆ ಉರಿಗಿಂತ ಮೊದಲು ಘಾಟು ಬಂದು ಅಪ್ಪಳಿಸುತ್ತದೆ. ಕಣ್ಣು ಬಿಡಲಾಗದು, ಉಸಿರು ಎಳೆಯಲಾಗದು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡದೆ ವಾಹನ ನಿಲ್ಲಿಸಿದ ಚಾಲಕ ತನ್ನ ತಂಡವನ್ನೇ ಕಟ್ಟಿಹಾಕಿದಂತೆ. ಅರಳೆಯ ಬೇಲು ಹೊರಗೆ ಕಪ್ಪಾಗಿ ಆರಿದಂತೆ ಕಂಡರೂ ಒಳಗೆ ಕೆಂಡ ಉಳಿದಿರುತ್ತದೆ. ಬಿಚ್ಚಿ ಹರಡಿ ತೋಯಿಸದೆ ಠಾಣೆಗೆ ಮರಳಿದರೆ ರಾತ್ರಿ ಮತ್ತೆ ಅದೇ ವಿಳಾಸದಿಂದ ಕರೆ ಬರುತ್ತದೆ. ಮಾವಿನ ಗೋದಾಮಿನಲ್ಲಿ ಕಾಯಿ ಹಣ್ಣು ಮಾಡಲು ಕದ್ದುಮುಚ್ಚಿ ಇಟ್ಟ ಕ್ಯಾಲ್ಸಿಯಂ ಕಾರ್ಬೈಡ್ ಇದ್ದರೆ, ಅದರ ಮೇಲೆ ನೀರು ಬಿಟ್ಟೊಡನೆ ಅಸಿಟಿಲೀನ್ ಹುಟ್ಟುತ್ತದೆ. ನಾವು ಆರಿಸಲು ತಂದ ನೀರೇ ಉರಿಯುವ ಅನಿಲ ಹುಟ್ಟಿಸುತ್ತದೆ. ಕಾರ್ಬೈಡ್‌ನಿಂದ ಹಣ್ಣು ಮಾಡುವುದನ್ನು ಸರ್ಕಾರ ನಿಷೇಧಿಸಿದೆ ಎಂಬುದು ಗೈಡ್‌ನ ಸಾಮಾನ್ಯ ಜ್ಞಾನದ ಭಾಗದಲ್ಲಿ ಸಿಗಬಹುದು. ಅಲ್ಲಿ ನೀರು ಬಿಡಬಾರದು ಎಂಬುದು ಸಿಗುವುದಿಲ್ಲ.

ಗಣಿತದ ಮಾತಿಗೆ ಬರೋಣ. ರೈಲಿನ ವೇಗ, ಬಡ್ಡಿ, ತೊಟ್ಟಿಗೆ ಎರಡು ನಲ್ಲಿ ಎಂಬ ಲೆಕ್ಕಗಳನ್ನು ಹುಡುಗರು ಬಾಯಿಪಾಠದಂತೆ ಬಿಡಿಸುತ್ತಾರೆ. ಒಂದು ದಿನ ಹೋಸ್, ಅಂದರೆ ನಾವು ನೀರು ಹಾಯಿಸುವ ಕೊಳವೆಯ ಲೆಕ್ಕ ಕೊಟ್ಟೆ. 63 ಮಿಲಿಮೀಟರ್ ವ್ಯಾಸದ, 15 ಮೀಟರ್ ಉದ್ದದ ಹೋಸ್‌ನಲ್ಲಿ ನೀರು ತುಂಬಿದಾಗ ಅದರೊಳಗಿನ ನೀರಿನ ತೂಕ ಎಷ್ಟು? ಸಿಲಿಂಡರಿನ ಗಾತ್ರದ ಸೂತ್ರ ಹಾಕಿದರೆ ಸುಮಾರು 47 ಲೀಟರ್, ಅಂದರೆ 47 ಕಿಲೊ. ಉತ್ತರ ಬರೆದ ಹುಡುಗನೊಬ್ಬ ಪೆನ್ನು ಕೆಳಗಿಟ್ಟು, “ಸರ್, ಇದನ್ನು ಹೊತ್ತುಕೊಂಡು ಮೆಟ್ಟಿಲು ಹತ್ತಬೇಕೇ?” ಎಂದು ಕೇಳಿದ. ಅದಕ್ಕೇ ಒಣ ಹೋಸನ್ನು ಮೇಲಕ್ಕೆ ಒಯ್ದು, ಆಮೇಲೆ ನೀರು ಬಿಡಿಸಿಕೊಳ್ಳುತ್ತೇವೆ ಎಂದೆ. ಹತ್ತು ಮೀಟರ್ ಎತ್ತರಕ್ಕೆ ನೀರು ಏರಿಸಲು ಸುಮಾರು ಒಂದು ಬಾರ್ ಒತ್ತಡ ಬೇಕು, ಐದನೆಯ ಮಹಡಿಗೆ ಎಷ್ಟು? 4,500 ಲೀಟರ್ ಟ್ಯಾಂಕಿನಿಂದ ನಿಮಿಷಕ್ಕೆ 450 ಲೀಟರ್ ಹೋದರೆ ಎಷ್ಟು ಹೊತ್ತು ಬರುತ್ತದೆ? ಹತ್ತೇ ನಿಮಿಷ. ಆ ಹತ್ತು ನಿಮಿಷದಲ್ಲಿ ಮುಂದಿನ ನೀರಿನ ವ್ಯವಸ್ಥೆ ಎಲ್ಲಿಂದ ಎಂದು ಯೋಚಿಸಬೇಕು ಎಂಬುದು ಉತ್ತರದ ಇನ್ನರ್ಧ. ಗೋಡೆಯಿಂದ ಎರಡೂವರೆ ಮೀಟರ್ ದೂರದಲ್ಲಿ ಬುಡವಿರುವ ಏಣಿ ಆರು ಮೀಟರ್ ಎತ್ತರದ ಕಿಟಕಿಯನ್ನು ಮುಟ್ಟಿದೆ, ಏಣಿಯ ಉದ್ದ ಎಷ್ಟು? ಪೈಥಾಗೊರಸ್ ಪ್ರಮೇಯದಿಂದ ಆರೂವರೆ. ಇಷ್ಟಕ್ಕೇ ನಿಲ್ಲಿಸಬೇಡಿ, ಆ ಏಣಿ ಸರಿಯಾಗಿ ನಿಂತಿದೆಯೇ ಎಂದೂ ಕೇಳಿ. ಎತ್ತರದ ಕಾಲುಭಾಗದಷ್ಟು ದೂರದಲ್ಲಿ ಬುಡ ಇರಬೇಕೆಂಬುದು ರೂಢಿಯ ಲೆಕ್ಕ. ಇಲ್ಲಿ ಒಂದೂವರೆ ಮೀಟರ್ ಸಾಕಿತ್ತು, ಬುಡ ಜಾರುವ ಭಯವಿದೆ.

ಧಾರವಾಡದ ಕುಮಾರೇಶ್ವರ ನಗರದಲ್ಲಿ 2019ರ ಮಾರ್ಚ್ 19ರಂದು ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತದ್ದು ಈ ಭಾಗದವರಿಗೆ ಮರೆಯುವ ಮಾತಲ್ಲ. ಧಾರವಾಡದ ಸಪ್ತಾಪುರದಲ್ಲಿ ಕೋಣೆ ಹಿಡಿದು, ವಾಚನಾಲಯಗಳಲ್ಲಿ ಕುಳಿತು ಓದುವ ಸಾವಿರಾರು ಅಭ್ಯರ್ಥಿಗಳಿಗೆ ಅದು ತಾವಿರುವ ಊರಿನದೇ ಘಟನೆ. ಇಲಾಖೆಯ ಹೆಸರಿನಲ್ಲಿ ತುರ್ತು ಸೇವೆಗಳು ಎಂದು ಸೇರಿಸಿದ್ದು ಸುಮ್ಮನೆ ಅಲ್ಲವಲ್ಲ. ಅವಶೇಷಗಳಡಿ ಸಿಕ್ಕವನ ಮೇಲಿನ ಸ್ಲ್ಯಾಬನ್ನು ಎತ್ತಲು ಸನ್ನೆಗೋಲಿನ ಆಧಾರಬಿಂದು ಎಲ್ಲಿರಬೇಕು? ಎದೆ ಒತ್ತುವಾಗ ನಿಮಿಷಕ್ಕೆ ಎಷ್ಟು ಸಲ, ಎಷ್ಟು ಆಳ? ನಿಮಿಷಕ್ಕೆ 100ರಿಂದ 120, ವಯಸ್ಕರಿಗೆ ಕನಿಷ್ಠ ಐದು ಸೆಂಟಿಮೀಟರ್. ಪ್ರಥಮ ಚಿಕಿತ್ಸೆಯ ಇಂಥ ಪ್ರಶ್ನೆಗಳನ್ನು ಓದಿಕೊಂಡವನು ಪರೀಕ್ಷೆಯಲ್ಲಿ ಫೇಲಾದರೂ ಊರಿಗೆ ಉಪಯೋಗಕ್ಕೆ ಬರುತ್ತಾನೆ. ಸಾವಿರಾರು ಜನ ಬರೆಯುವ ಪರೀಕ್ಷೆ ಇದು, ಆಯ್ಕೆಯಾಗುವವರು ಕೆಲವರು. ಉಳಿದವರೆಲ್ಲ ಪಠ್ಯಕ್ರಮವನ್ನು ತಲೆಯಲ್ಲಿಟ್ಟುಕೊಂಡೇ ಮನೆಗೆ ಮರಳುತ್ತಾರೆ. ಅವರ ತಲೆಯಲ್ಲಿ ಏನಿರಬೇಕು ಎಂಬುದನ್ನು ನೀವು ನಿರ್ಧರಿಸುತ್ತೀರಿ. ಇದಕ್ಕಿಂತ ಅಗ್ಗದ ಜನಜಾಗೃತಿ ಇನ್ನೊಂದಿಲ್ಲ.

ನೂರಕ್ಕೆ ನೂರೂ ಬೆಂಕಿಯದೇ ಇರಲಿ ಎನ್ನುವುದಿಲ್ಲ. ಮೂವತ್ತು ಅಂಕ ಸಾಕು. ಆದರೆ ಆ ಮೂವತ್ತಕ್ಕೆ ಓದಲು ಕನ್ನಡದಲ್ಲಿ ಏನಾದರೂ ಇರಬೇಕಲ್ಲ! ಬನ್ನೇರುಘಟ್ಟ ರಸ್ತೆಯಲ್ಲಿ ಆರ್.ಎ. ಮುಂಡ್ಕೂರ್ ಅಕಾಡೆಮಿ ನಿಮ್ಮದೇ ಇದೆ, ಅಲ್ಲಿ ಕಲಿಸುವವರೂ ಇದ್ದಾರೆ. ಅವರಿಂದ ನಲವತ್ತೈವತ್ತು ಪುಟಗಳ ಒಂದು ಕಿರುಹೊತ್ತಿಗೆ ಬರೆಸಿ ಇಲಾಖೆಯ ಜಾಲತಾಣದಲ್ಲಿ ಉಚಿತವಾಗಿ ಹಾಕಿ. ಬೆಂಕಿಯ ವರ್ಗಗಳು, ನಂದಕಗಳು, ಅನಿಲಗಳು, ಹೊಗೆ, ವಿದ್ಯುತ್, ಗಂಟುಗಳು, ಪ್ರಥಮ ಚಿಕಿತ್ಸೆ, ಇಲಾಖೆಯ ರಚನೆ, 1964ರ ಅಗ್ನಿಶಾಮಕ ಅಧಿನಿಯಮದ ಮುಖ್ಯಾಂಶ, ಇಷ್ಟಿದ್ದರೆ ಧಾರಾಳ. ಪ್ರಶ್ನೆಗಳು ಈ ಹೊತ್ತಿಗೆಯ ಆಚೆ ಹೋಗಬಾರದು. ಆಗ ಧಾರವಾಡಕ್ಕೋ ಬೆಂಗಳೂರಿನ ವಿಜಯನಗರಕ್ಕೋ ಹೋಗಿ ಕೋಚಿಂಗ್ ಸೇರಲಾಗದ ಹಳ್ಳಿಯ ಹುಡುಗನೂ, ಸೇರಿದವನೂ ಆ ಮೂವತ್ತು ಅಂಕಕ್ಕೆ ಒಂದೇ ಗೆರೆಯ ಮೇಲೆ ನಿಲ್ಲುತ್ತಾರೆ.

ಕನ್ನಡದ ಬಗ್ಗೆ ಒಂದು ಮಾತು. ತತ್ಸಮ ತದ್ಭವ, ಸಮಾಸ, ಸಂಧಿ ಕೇಳುವುದು ಹಳೆಯ ಪದ್ಧತಿ, ಕೇಳಿ. ಅದರ ಜೊತೆಗೆ ಒಂದು ಕರೆಯ ಬರಹವನ್ನು ಕೊಟ್ಟು, ಗಾಬರಿಯಲ್ಲಿ ಮಾತನಾಡಿದವನ ಮಾತಿನಿಂದ ವಿಳಾಸ, ಗುರುತು, ಏನು ಉರಿಯುತ್ತಿದೆ, ಒಳಗೆ ಯಾರಾದರೂ ಇದ್ದಾರೆಯೇ ಎಂಬುದನ್ನು ಹೆಕ್ಕಿ ತೆಗೆಯುವ ಪ್ರಶ್ನೆ ಇಡಿ. 101ಕ್ಕಾಗಲಿ 112ಕ್ಕಾಗಲಿ ಬರುವ ಕರೆಗಳಲ್ಲಿ ಮನೆ ನಂಬರು, ಅಡ್ಡರಸ್ತೆ ಹೇಳುವವರು ಕಡಿಮೆ. “ನಮ್ಮ ಬಣವೆಗೆ ಬೆಂಕಿ ಬಿದ್ದಿದೆ, ಬೇಗ ಬನ್ನಿ” ಎಂದು ಫೋನ್ ಇಟ್ಟುಬಿಡುತ್ತಾರೆ. ಯಾವ ಊರಿನ ಬಣವೆ?

ಇನ್ನು ದೇಹದ ಮಾತು. ಇಲ್ಲಿ ನಾನು ಸ್ವಲ್ಪ ಖಾರವಾಗಿ ಬರೆದರೆ ಕ್ಷಮಿಸಿ.

ಓದಿದ್ದನ್ನು ಒಂದು ವರ್ಷ ಕಾಪಿಟ್ಟುಕೊಳ್ಳಬಹುದು, ಓಟವನ್ನು ಹಾಗೆ ಇಟ್ಟುಕೊಳ್ಳಲು ಬರುವುದಿಲ್ಲ. ಎರಡು ಮೂರು ವಾರ ಬಿಟ್ಟರೆ ಉಸಿರಿನ ಕಸುವು ಇಳಿಯತೊಡಗುತ್ತದೆ. ಲಿಖಿತ ಪರೀಕ್ಷೆ ಯಾವಾಗ, ದೈಹಿಕ ಪರೀಕ್ಷೆ ಯಾವಾಗ ಎಂಬುದು ಗೊತ್ತಿಲ್ಲದೆ ಹುಡುಗರು ವರ್ಷಗಟ್ಟಲೆ ಅತ್ತ ಪೂರ್ತಿ ಓಡದೆ, ಇತ್ತ ಪೂರ್ತಿ ಬಿಡದೆ ಇರುತ್ತಾರೆ. ದಿನಾಂಕ ಪ್ರಕಟವಾದ ಮರುದಿನ ಮೈದಾನ ತುಂಬುತ್ತದೆ. ಆರು ತಿಂಗಳಲ್ಲಿ ಕಟ್ಟಬೇಕಾದ ಮೈಯನ್ನು ಮೂರು ವಾರದಲ್ಲಿ ಕಟ್ಟಲು ಹೊರಡುತ್ತಾರೆ. ಡಾಂಬರು ರಸ್ತೆಯ ಮೇಲೆ, ಸವೆದ ಕ್ಯಾನ್ವಾಸ್ ಬೂಟಿನಲ್ಲಿ, ಬರಿಹೊಟ್ಟೆಯಲ್ಲಿ ಓಟ. ಹತ್ತು ದಿನಕ್ಕೆ ಮೊಳಕಾಲಿನ ಕೆಳಗೆ ಮುಂಭಾಗದ ಎಲುಬು ನೋಯಲು ಶುರುವಾಗುತ್ತದೆ. ನೋವಿನ ಮಾತ್ರೆ ನುಂಗಿ ಮತ್ತೆ ಓಡುತ್ತಾರೆ. ಶಕ್ತಿ ಬರುತ್ತದೆಂದು ಯಾರೋ ಹೇಳಿದ ಡಬ್ಬಿಯ ಪಾನೀಯ ಕುಡಿಯುತ್ತಾರೆ. ಪೊಲೀಸ್ ನೇಮಕಾತಿಯ 1,600 ಮೀಟರ್ ಓಟವನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕೆಂಬುದನ್ನೇ ಎಲ್ಲರೂ ಅಳತೆಗೋಲಾಗಿ ಇಟ್ಟುಕೊಂಡಿದ್ದಾರೆ. ಅದೇನೂ ಅಸಾಧ್ಯದ ಓಟವಲ್ಲ. ನಾಲ್ಕು ತಿಂಗಳು ಕ್ರಮವಾಗಿ ಓಡಿದ ಸಾಮಾನ್ಯ ಹಳ್ಳಿ ಹುಡುಗ ಸಲೀಸಾಗಿ ಮುಗಿಸುತ್ತಾನೆ. ಮೂರು ವಾರದವನು ಮಾತ್ರ ಕೊನೆಯ ಸುತ್ತಿನಲ್ಲಿ ಬೀಳುತ್ತಾನೆ.

ಬಿದ್ದವನು ಏಳದಿದ್ದರೆ? 2024ರಲ್ಲಿ ಜಾರ್ಖಂಡ್‌ನಲ್ಲಿ ಅಬಕಾರಿ ಕಾನ್‌ಸ್ಟೆಬಲ್ ನೇಮಕಾತಿಗೆ 10 ಕಿಲೊಮೀಟರ್ ಓಟ ಇಟ್ಟಾಗ ಹತ್ತಕ್ಕೂ ಹೆಚ್ಚು ಅಭ್ಯರ್ಥಿಗಳು ಪ್ರಾಣ ಕಳೆದುಕೊಂಡರು. ನಮ್ಮಲ್ಲಿ ದೂರ ಕಡಿಮೆ, ನಿಜ. ಆದರೆ ಬಿಸಿಲು, ಬರಿಹೊಟ್ಟೆ, ನಿದ್ದೆಗೆಟ್ಟ ರಾತ್ರಿಯ ಬಸ್ ಪ್ರಯಾಣ ಇವೆಲ್ಲ ಇಲ್ಲೂ ಇವೆ. ಬೀದರ್‌ನ ಹುಡುಗನಿಗೆ ದೂರದ ಊರಿನಲ್ಲಿ ಬೆಳಗಿನ ಆರು ಗಂಟೆಗೆ ಹಾಜರಾಗಲು ಹೇಳಿದರೆ ಅವನು ಬಸ್ ನಿಲ್ದಾಣದ ಬೆಂಚಿನಿಂದ ಎದ್ದು ಬಂದಿರುತ್ತಾನೆ. ಆದ್ದರಿಂದ ಕೇಳುತ್ತಿದ್ದೇನೆ: ದೈಹಿಕ ಪರೀಕ್ಷೆಯ ದಿನಾಂಕವನ್ನು ಕನಿಷ್ಠ ನಾಲ್ಕು ತಿಂಗಳು ಮೊದಲು ಹೇಳಿ. ಏಪ್ರಿಲ್, ಮೇ ತಿಂಗಳಲ್ಲಿ ಇಡಬೇಡಿ. ಓಟವನ್ನು ಬಿಸಿಲೇರುವ ಮೊದಲೇ ಮುಗಿಸಿ. ವಿಭಾಗಕ್ಕೊಂದಾದರೂ ಕೇಂದ್ರ ಇರಲಿ. ವೈದ್ಯರು, ಆಂಬುಲೆನ್ಸ್ ಮೈದಾನದ ಗೇಟಿನ ಬಳಿ ಅಲ್ಲ, ಓಟದ ಕೊನೆಯ ಗೆರೆಯ ಬಳಿ ನಿಲ್ಲಲಿ.

ದೈಹಿಕ ಪರೀಕ್ಷೆಯ ಸ್ವರೂಪದ ಬಗ್ಗೆಯೂ ಒಂದು ಸಲಹೆ. ಓಟ, ಜಿಗಿತ, ಗುಂಡು ಎಸೆತ ಇವು ಯಾವ ಸಮವಸ್ತ್ರದ ನೌಕರಿಗೂ ಒಗ್ಗುವ ಪರೀಕ್ಷೆಗಳು. ಬೆಂಕಿ ಕರೆಗೆ ಹೋದವನು ಗುಂಡು ಎಸೆಯುವುದಿಲ್ಲ. ಅವನು ಭಾರ ಹೊತ್ತು ಮೆಟ್ಟಿಲು ಹತ್ತುತ್ತಾನೆ, ಪ್ರಜ್ಞೆ ತಪ್ಪಿದವರನ್ನು ಹೆಗಲಿಗೆ ಹಾಕಿಕೊಂಡು ಇಳಿಯುತ್ತಾನೆ, ಹಗ್ಗ ಹಿಡಿದು ಬಾವಿಗಿಳಿಯುತ್ತಾನೆ, ಕತ್ತಲೆಯ ಕೋಣೆಯಲ್ಲಿ ಗೋಡೆ ತಡವುತ್ತಾ ಮೊಣಕೈ ಮೊಣಕಾಲ ಮೇಲೆ ಸಾಗುತ್ತಾನೆ. ಇವುಗಳಿಗೇ ತೂಕ ಹೆಚ್ಚಿರಲಿ. ಎತ್ತರಕ್ಕೆ ಹೆದರುವವನು, ಇಕ್ಕಟ್ಟಿನ ಕತ್ತಲೆಗೆ ಬೆವರುವವನು ಯಾರು ಎಂಬುದು ತರಬೇತಿಗೆ ಸೇರಿದ ಮೇಲೆ ತಿಳಿಯುವುದಕ್ಕಿಂತ ಮೊದಲೇ ತಿಳಿದರೆ ಅವನಿಗೂ ಒಳ್ಳೆಯದು. ಇಂಥ ಭಯ ಇದ್ದವರು ಹೇಡಿಗಳಲ್ಲ. ಒಳ್ಳೆಯ ಗುಮಾಸ್ತರಾಗಬಲ್ಲವರನ್ನು ಹೊಗೆಯೊಳಗೆ ಕಳುಹಿಸುವುದು ಬೇಡ, ಅಷ್ಟೆ.

ವೇಳಾಪಟ್ಟಿಯ ವಿಷಯ ನಿಮ್ಮ ಕೈಯಲ್ಲಷ್ಟೇ ಇಲ್ಲ ಎಂಬುದು ಗೊತ್ತು. 2020ರಲ್ಲಿ ಠಾಣಾಧಿಕಾರಿ, ಅಗ್ನಿಶಾಮಕ, ಚಾಲಕ, ಚಾಲಕ ತಂತ್ರಜ್ಞ ಎಲ್ಲ ಸೇರಿ 1,567 ಹುದ್ದೆಗಳಿಗೆ ಅರ್ಜಿ ಕರೆದಿರಿ, ಅದರಲ್ಲಿ 1,222 ಅಗ್ನಿಶಾಮಕರದು. ಕೋವಿಡ್ ಕಾಲ ಅದು. ಬಳಿಕ ಪರಿಶಿಷ್ಟ ಜಾತಿಗಳ ಒಳಮೀಸಲಾತಿಯ ತೀರ್ಮಾನ ಆಗುವವರೆಗೆ ಹೊಸ ಅಧಿಸೂಚನೆ ಬೇಡ ಎಂದು 2024ರ ಅಕ್ಟೋಬರ್‌ನಲ್ಲಿ ಸಚಿವ ಸಂಪುಟ ನಿರ್ಧರಿಸಿತು. ನಾಗಮೋಹನ ದಾಸ್ ಆಯೋಗದ ವರದಿ ಬಂದು, 2025ರ ಆಗಸ್ಟ್‌ನಲ್ಲಿ ಒಳಮೀಸಲಾತಿಯ ಹಂಚಿಕೆ ನಿರ್ಧಾರವಾಗುವವರೆಗೆ ಅಭ್ಯರ್ಥಿಗಳು ಕಾದರು. ಒಳಮೀಸಲಾತಿ ದಶಕಗಳ ಹೋರಾಟದ ಫಲ, ಅದರ ಬಗ್ಗೆ ತಕರಾರಿಲ್ಲ. ನನ್ನ ಮೈದಾನದಲ್ಲಿ ಅದಕ್ಕಾಗಿಯೇ ಕಾದವರೂ ಇದ್ದಾರೆ. ವಯೋಮಿತಿಯಲ್ಲಿ ಮೂರು ವರ್ಷದ ಸಡಿಲಿಕೆ ಕೊಟ್ಟದ್ದೂ ಸರಿಯಾದ ಕ್ರಮವೇ. ಆದರೆ ಬೇರೆ ಇಲಾಖೆಗಳಿಗೆ ಸಡಿಲಿಕೆಯಿಂದ ಮುಗಿಯುವ ಸಮಸ್ಯೆ ನಮ್ಮಲ್ಲಿ ಮುಗಿಯುವುದಿಲ್ಲ. ಆದೇಶದಿಂದ ವಯಸ್ಸನ್ನು ಸಡಿಲಿಸಬಹುದು, ಪುಪ್ಪುಸವನ್ನು ಸಡಿಲಿಸಲು ಆಗುವುದಿಲ್ಲ. ವರ್ಷಕ್ಕೊಮ್ಮೆ ಸಣ್ಣ ತಂಡ ಸೇರಿಸಿಕೊಂಡರೆ ಇಪ್ಪತ್ತೆರಡು ಇಪ್ಪತ್ಮೂರರ ಹುಡುಗರು ಸಿಗುತ್ತಾರೆ. ಐದಾರು ವರ್ಷಕ್ಕೊಮ್ಮೆ ಸಾವಿರದ ಲೆಕ್ಕದಲ್ಲಿ ಕರೆದರೆ ಕಾದು ಸುಸ್ತಾದವರು ಸಿಗುತ್ತಾರೆ. ಒಟ್ಟಿಗೆ ಸೇರಿದವರು ಒಟ್ಟಿಗೇ ನಿವೃತ್ತರಾಗುತ್ತಾರೆ ಎಂಬುದನ್ನೂ ಲೆಕ್ಕ ಹಾಕಿ. ಆಗ ಠಾಣೆಗಳಲ್ಲಿ ಅನುಭವಸ್ಥರು ಒಮ್ಮೆಲೇ ಖಾಲಿಯಾಗುತ್ತಾರೆ.

ಪರೀಕ್ಷೆಯ ಪಾವಿತ್ರ್ಯದ ಬಗ್ಗೆ ಹೆಚ್ಚು ಬರೆಯುವುದಿಲ್ಲ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆ ಅಕ್ರಮದಿಂದ ರದ್ದಾಗಿ, ಮರುಪರೀಕ್ಷೆ 2024ರ ಜನವರಿಯಲ್ಲಿ ನಡೆದದ್ದು ಎಲ್ಲರಿಗೂ ನೆನಪಿದೆ. ಪ್ರಾಮಾಣಿಕವಾಗಿ ಬರೆದವರಿಗೆ ಆ ಎರಡು ವರ್ಷವನ್ನು ಯಾರೂ ಮರಳಿ ಕೊಡಲಿಲ್ಲ. ಉತ್ತರ ಗುರುತು ಮಾಡಿದ ಒಎಂಆರ್ ಹಾಳೆಯ ನಕಲು ಅಭ್ಯರ್ಥಿಯ ಕೈಗೆ ಸಿಗಲಿ, ಕೀ ಉತ್ತರ ವಾರದೊಳಗೆ ಬರಲಿ, ಓಟದ ಸಮಯವನ್ನು ಚಿಪ್ ಅಳೆಯಲಿ. ಕೈಗಡಿಯಾರ ಹಿಡಿದ ಮನುಷ್ಯ ಅಳೆದಾಗ ಸೋತವನಿಗೆ ಅನುಮಾನ ಉಳಿದೇ ಉಳಿಯುತ್ತದೆ, ಅಳೆದವನು ಎಷ್ಟೇ ಒಳ್ಳೆಯವನಾದರೂ.

ಇನ್ನೊಂದು ಪಿಡುಗನ್ನು ನೀವು ಒಂದೇ ಸಾಲಿನಲ್ಲಿ ನಿವಾರಿಸಬಹುದು. ಫೈರ್ ಅಂಡ್ ಸೇಫ್ಟಿ ಡಿಪ್ಲೊಮಾ ಎಂದು ಬಸ್ ನಿಲ್ದಾಣಗಳ ಗೋಡೆಯ ಮೇಲೆ ಜಾಹೀರಾತುಗಳಿವೆ. ಕಾರ್ಖಾನೆಗಳ ಸುರಕ್ಷತಾ ವಿಭಾಗಕ್ಕೆ ಅಂಥ ಕೋರ್ಸುಗಳಲ್ಲಿ ಕೆಲವು ಉಪಯೋಗಕ್ಕೆ ಬರಬಹುದು. ಆದರೆ ಸರ್ಕಾರಿ ಅಗ್ನಿಶಾಮಕ ಹುದ್ದೆಗೆ ಇದು ಬೇಕೇ ಬೇಕು ಎಂದು ನಂಬಿ ಜಮೀನಿನ ಮೇಲೆ ಸಾಲ ಮಾಡಿ ದುಡ್ಡು ಕಟ್ಟಿದ ತಂದೆಯೊಬ್ಬರು ನನ್ನಲ್ಲಿಗೆ ಬಂದಿದ್ದರು. ಅಗ್ನಿಶಾಮಕ ಹುದ್ದೆಗೆ ಯಾವ ಖಾಸಗಿ ಡಿಪ್ಲೊಮಾವೂ ಅಗತ್ಯವಿಲ್ಲ ಎಂದು ಅಧಿಸೂಚನೆಯ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಹಾಕಿ. ಅದೇ ಪುಟದಲ್ಲಿ ಹೆಣ್ಣುಮಕ್ಕಳಿಗೆ ಎಷ್ಟು ಸ್ಥಾನ, ಅವರ ದೈಹಿಕ ಮಾನದಂಡ ಏನು ಎಂಬುದೂ ಸ್ಪಷ್ಟವಾಗಿರಲಿ. ದೇಶದ ಮೊದಲ ಮಹಿಳಾ ಅಗ್ನಿಶಾಮಕರೆಂದು ಹೆಸರಾದ ಹರ್ಷಿಣಿ ಕನ್ಹೇಕರ್ ಅವರು ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜಿಗೆ ಸೇರಿ ಎರಡು ದಶಕಗಳು ದಾಟಿದವು. ನನ್ನ ಮೈದಾನದಲ್ಲಿ ಹಗ್ಗ ಹತ್ತುವುದರಲ್ಲಿ ಎಲ್ಲರಿಗಿಂತ ಮುಂದಿರುವವಳು ಒಬ್ಬ ಹುಡುಗಿ. ತನಗೆ ಅರ್ಜಿ ಹಾಕಲು ಅವಕಾಶ ಇದೆಯೇ ಎಂದು ಅವಳು ಕೇಳಿದಾಗ, ಅಧಿಸೂಚನೆ ಬರಲಿ, ನೋಡೋಣ ಎಂದು ನಾನು ಹೇಳಬೇಕಾಗಿ ಬರಬಾರದು.

ಕೊನೆಯದಾಗಿ ಠಾಣೆಗಳ ಬಾಗಿಲ ವಿಷಯ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನ ಹಡಗು ಸ್ಫೋಟದಲ್ಲಿ ಮಡಿದ ಅಗ್ನಿಶಾಮಕರ ನೆನಪಿಗೆ ಪ್ರತಿವರ್ಷ ಏಪ್ರಿಲ್ 14ರಿಂದ 20ರವರೆಗೆ ಸಪ್ತಾಹ ಮಾಡುತ್ತೇವೆ. ಶಾಲೆ, ಆಸ್ಪತ್ರೆ, ಕಾರ್ಖಾನೆಗಳಲ್ಲಿ ಅಣಕು ಪ್ರದರ್ಶನ ನಡೆಯುತ್ತದೆ, ಕರಪತ್ರ ಹಂಚುತ್ತೇವೆ. ಆ ವಾರದಲ್ಲಿ ಒಂದು ದಿನವನ್ನು ಅಭ್ಯರ್ಥಿಗಳಿಗೆಂದು ತೆಗೆದಿಡಿ. ಹೋಸ್ ಕೈಯಲ್ಲಿ ಹಿಡಿದು ನೋಡಲಿ. ನೀರು ಬಿಟ್ಟಾಗ ಹೋಸ್‌ನ ತುದಿಯ ಬ್ರಾಂಚ್ ಪೈಪ್ ಹಿಂದಕ್ಕೆ ಒದೆಯುವುದನ್ನು ಅನುಭವಿಸಲಿ, ನ್ಯೂಟನ್ನನ ಮೂರನೆಯ ನಿಯಮವನ್ನು ಅದಕ್ಕಿಂತ ಚೆನ್ನಾಗಿ ಕಲಿಸುವ ಮೇಷ್ಟ್ರು ನಾನು ನೋಡಿಲ್ಲ. ಪಾಳಿ ಎಂದರೇನು, ಹಬ್ಬದ ದಿನ ಠಾಣೆಯಲ್ಲಿರುವುದು ಎಂದರೇನು, ದೀಪಾವಳಿಯ ರಾತ್ರಿ ಮನೆಯವರ ಫೋನ್ ತೆಗೆಯಲಾಗದೆ ಇರುವುದು ಎಂದರೇನು ಎಂದು ಸಿಬ್ಬಂದಿಯನ್ನೇ ಕೇಳಲಿ. ಕೇಳಿದ ಮೇಲೆ ಹತ್ತರಲ್ಲಿ ಇಬ್ಬರು ಅರ್ಜಿ ಹಾಕದಿದ್ದರೆ ಇಲಾಖೆಗೆ ನಷ್ಟವಿಲ್ಲ. ಉಳಿದ ಎಂಟು ಜನ ತಿಳಿದು ಬರುತ್ತಾರೆ.

ಹುಡುಗರಿಗೆ ಇಲ್ಲಿಯೇ ಎರಡು ಮಾತು ಹೇಳಿಬಿಡುತ್ತೇನೆ, ಅವರೂ ಇದನ್ನು ಓದುತ್ತಾರೆ. ಅಧಿಸೂಚನೆಗೆ ಕಾಯಬೇಡಿ. ವಾರಕ್ಕೆ ನಾಲ್ಕು ದಿನ ಮಣ್ಣಿನ ಮೇಲೆ ಓಡಿ, ಎರಡು ದಿನ ಹಗ್ಗ ಮತ್ತು ಭಾರ, ಒಂದು ದಿನ ಪೂರ್ತಿ ವಿಶ್ರಾಂತಿ. ಎಂಟರಿಂದ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕಗಳನ್ನು ಹಳೆಯ ಶಾಲೆಯಿಂದ ಕೇಳಿ ತನ್ನಿ, ಗೈಡ್‌ಗಿಂತ ಅವು ಮೇಲು. ಈಜು ಬಾರದವರು ಈ ಬೇಸಿಗೆಯಲ್ಲೇ ಕಲಿಯಿರಿ, ಕಲಿಸುವವರು ಜೊತೆಗಿದ್ದಾಗ ಮಾತ್ರ. ಜಾತಿ, ಗ್ರಾಮೀಣ, ಕನ್ನಡ ಮಾಧ್ಯಮ ಪ್ರಮಾಣಪತ್ರಗಳನ್ನು, ಕಲ್ಯಾಣ ಕರ್ನಾಟಕದವರು 371(ಜೆ) ಪ್ರಮಾಣಪತ್ರವನ್ನು ಈಗಲೇ ಮಾಡಿಸಿಟ್ಟುಕೊಳ್ಳಿ. ಓಟದಲ್ಲಿ ಗೆದ್ದು ಕಾಗದದಲ್ಲಿ ಸೋತವರನ್ನು ಬೇಕಾದಷ್ಟು ಕಂಡಿದ್ದೇನೆ.

ಮಾನ್ಯರೇ, ಕಿರುಹೊತ್ತಿಗೆಗೆ ಪ್ರಶ್ನೆಗಳು ಬೇಕಿದ್ದರೆ ನನ್ನ ಬಳಿ ಒಂದು ನೋಟ್‌ಬುಕ್ ತುಂಬ ಇವೆ. ಕೆಲವು ಉತ್ತರಗಳನ್ನು ಅಕಾಡೆಮಿಯವರು ತಿದ್ದಬೇಕಾಗಬಹುದು, ನಾವು ಕಲಿತ ಕಾಲದ ಪಂಪುಗಳು ಬೇರೆ, ಈಗಿನವು ಬೇರೆ. ಜಿಲ್ಲಾ ಅಗ್ನಿಶಾಮಕ ಅಧಿಕಾರಿಯವರ ಕಚೇರಿಯ ಮೂಲಕ ಹೇಳಿ ಕಳುಹಿಸಿದರೆ ಪ್ರತಿ ಮಾಡಿಸಿ ಟಪಾಲಿಗೆ ಹಾಕುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರಮುಖ ಅಗ್ನಿಶಾಮಕ,
ಹಾವೇರಿ ಜಿಲ್ಲೆ